ಬೇರೆ ಹುಳಕ್ಕೆ ಹೇಳಿದ ಥ್ಯಾಂಕ್ಸ್

ಸೋಮವಾರ ಆ ಶಂಖಗಳ ಮ್ಯೂಸಿಯಂಗೆ ರಜೆ. ಅವತ್ತು ಹಿಂಬಾಗಿಲು ತಟ್ಟುವವರು ರಿಪೇರಿಯವರು ಮಾತ್ರ. ಹಾಗಾಗಿ ಬಾಗಿಲು ತೆರೆದ ಉಪ್ಪಣ್ಣ, ಎದುರಿಗೆ ನಿಂತವಳು ಫಿಲ್ಟರ್ ಕಂಪನಿಯವಳೇ ಎಂದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಬೆಳಗಿನಿಂದ ಆ ಕಂಪನಿಯವರಿಗಾಗಿ ಕಾದು ಅವನ ತಲೆ ಕೆಟ್ಟಿತ್ತು. ಯಾರು ಏನು ಎಂದು ಕೇಳಲಿಲ್ಲ. ಸೀದಾ ಒಳಗೆ ಕರೆದುಕೊಂಡು ಹೋಗಿ, ಸೋರುತ್ತಿದ್ದ ಪೈಪನ್ನು ಅವಳ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಹೇಳಿ ತಾನು ಗಾಜಿನ ತೊಟ್ಟಿಯ ಕೆಳಗೆ ತೂರಿಕೊಂಡ.

ಅವಳು ಹಿಡಿದುಕೊಂಡಳು. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಕಾಗದದ ಚೀಲ. ಮೋಟಾರು ಹೇಗೆ ಗೊರಗೊರ ಅನ್ನುತ್ತದೆ, ಕಂಪನಿಯವರು ಹೇಗೆ ಕೈ ಕೊಟ್ಟಿದ್ದಾರೆ ಎಂದು ಅವನು ಕೆಳಗಿನಿಂದಲೇ ದೂರು ಹೇಳಿ ಮುಗಿಸುವವರೆಗೂ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟಳು.

"ನಾನು ಕಂಪನಿಯವಳಲ್ಲ. ಒಂದು ಹುಳಕ್ಕೆ ಥ್ಯಾಂಕ್ಸ್ ಹೇಳೋಕೆ ಬಂದಿದ್ದೀನಿ."

ಉಪ್ಪಣ್ಣನ ತಲೆ ತೊಟ್ಟಿಯ ಅಡಿಗೆ ಠಪ್ಪೆಂದು ಬಡಿಯಿತು.

ಉಪ್ಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಜೀವಂತ ಕಡಲ ಬಸವನಹುಳಗಳನ್ನು ಸಾಕುವುದು ಅವನ ಕೆಲಸ. ಹೊತ್ತು ಹೊತ್ತಿಗೆ ನೀರಿನ ಉಪ್ಪು ಅಳೆಯುವುದು, ಹೆಚ್ಚಾದರೆ ಗೊಣಗುವುದು, ಕಡಿಮೆಯಾದರೆ ಇನ್ನಷ್ಟು ಗೊಣಗುವುದು. ಜೊತೆಯವರು ಈ ಹೆಸರಿಟ್ಟು ಎಷ್ಟು ಕಾಲವಾಯಿತೆಂದರೆ, ಈಗ ಸ್ವಂತ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಮದುವೆಯ ವಯಸ್ಸು ಅವನಿಗೆ ಹೇಳದೆ ಕೇಳದೆ ದಾಟಿ ಹೋಗುತ್ತಿತ್ತು. ಮನುಷ್ಯರ ಜೊತೆ ಅವನ ಮಾತು ಅಷ್ಟಕ್ಕಷ್ಟೆ.

ಅವಳು ಎರಡು ಬೀದಿ ಆಚೆ ಒಂದು ಸಲೂನ್ ನಡೆಸುತ್ತಿದ್ದಳು. ಅವಳ ಅಪ್ಪ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರು. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದರು. ಮೂಳೆ ಕೂಡಿತು, ನೋವು ಮಾತ್ರ ಹೋಗಲಿಲ್ಲ. ವರ್ಷಗಟ್ಟಲೆ, ಮೈಗೆ ಹೊದಿಕೆ ತಗುಲಿದರೂ ಹಲ್ಲು ಕಚ್ಚುತ್ತಿದ್ದರು. ಮಾತ್ರೆಗಳೆಲ್ಲ ಸೋತ ಮೇಲೆ ಮಾತನ್ನೇ ಬಿಟ್ಟರು. ಕೊನೆಗೆ ಒಬ್ಬ ಡಾಕ್ಟರು ಅವರ ಹೊಟ್ಟೆಯ ಚರ್ಮದಡಿ ಪುಟ್ಟ ಪಂಪ್ ಒಂದನ್ನು ಇಟ್ಟು, ಅಲ್ಲಿಂದ ತೆಳ್ಳನೆಯ ನಳಿಕೆಯನ್ನು ಬೆನ್ನುಹುರಿಯವರೆಗೆ ಹಾಯಿಸಿ, ಹನಿ ಹನಿಯಾಗಿ ಒಂದು ಔಷಧಿ ಬಿಡತೊಡಗಿದರು. ಕಡಲ ಬಸವನಹುಳವೊಂದರ ವಿಷವನ್ನು ನೋಡಿ ಕಲಿತು ಮಾಡಿದ ಔಷಧಿಯಂತೆ, ಹುಳದ ಹೆಸರು ಕೋನ್ ಅಂತೇನೋ ಅಂತೆ. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಬಂದರು.

"ಒಂದು ದಿನ ಅಪ್ಪ ಟೀವಿಯಲ್ಲಿ ಹವಾಮಾನ ಹೇಳೋನಿಗೆ ಬೈದರು," ಎಂದಳು ಅವಳು. "ಮೊದಲಿನ ಹಾಗೇ, ಬಾಯಿ ತುಂಬ. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ."

ಡಾಕ್ಟರಿಗೆ, ನರ್ಸುಗಳಿಗೆ ಎಲ್ಲ ಥ್ಯಾಂಕ್ಸ್ ಹೇಳಿಯಾಗಿತ್ತು. ಹುಳ ಒಂದು ಉಳಿದಿತ್ತು. ಕಾಗದದ ಚೀಲ ಬಿಚ್ಚಿ ತೋರಿಸಿದಳು: ಎಳೆಯ ಎಲೆಕೋಸಿನ ಎಲೆಗಳು, ತೊಳೆದು ಒರೆಸಿದವು. ಬರಿಗೈಯಲ್ಲಿ ಬರುವುದು ಹೇಗೆ ಎಂದು ತಂದಿದ್ದಳು.

ಉಪ್ಪಣ್ಣ ತಲೆ ಸವರಿಕೊಳ್ಳುತ್ತಾ, ಇವು ಸೊಪ್ಪು ತಿನ್ನುವ ಜಾತಿಯಲ್ಲ, ಬೇಟೆಗಾರರು ಎಂದು ವಿವರಿಸಿದ. ಬಾಯೊಳಗೆ ಬಾಣದಂಥ ಹಲ್ಲು, ಅದಕ್ಕೆ ವಿಷ. ಸೊಂಡಿಲು ಚಾಚಿ ಚುಚ್ಚಿದರೆ ಮುಗಿಯಿತು. ತಾನೂ ಉದ್ದನೆಯ ಇಕ್ಕಳ ಬಿಟ್ಟು ಬರಿಗೈ ಹಾಕುವುದಿಲ್ಲ. ಅವಳು ಎಲೆಗಳನ್ನು ನೋಡಿ, ಅವನನ್ನು ನೋಡಿ, ನಕ್ಕುಬಿಟ್ಟಳು. ಅಳು ಇನ್ನೂ ಆರದ ಕಣ್ಣಲ್ಲಿ ಆ ನಗು ಬಂತು. ಉಪ್ಪಣ್ಣನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

ಎಡವಟ್ಟಾದದ್ದು ಆಮೇಲೆ. ಅವಳ ಅಪ್ಪನ ಔಷಧಿಗೆ ಮೂಲವಾದದ್ದು ಮಾಂತ್ರಿಕ ಕೋನ್ ಎಂಬ ಹುಳ. ಅದು ಆ ಕೋಣೆಯಲ್ಲಿ ಇತ್ತು, ಮೂಲೆಯ ತೊಟ್ಟಿಯಲ್ಲಿ. ಆದರೆ ಹಸಿವಾಗುವ ತನಕ ಮರಳಿನಡಿಯಿಂದ ಏಳದ ಆಸಾಮಿ. ಮ್ಯೂಸಿಯಂನಲ್ಲಿ ಎಲ್ಲರೂ ಸೋಮಾರಿ ಎಂದೇ ಕರೆಯುತ್ತಿದ್ದರು. ಅವತ್ತು ಕಾಣುತ್ತಿದ್ದದ್ದು ಬರೀ ಮರಳು. ಪಕ್ಕದ ತೊಟ್ಟಿಯಲ್ಲಿ ಇನ್ನೊಂದು ಜಾತಿಯ ಕೋನ್ ಹುಳ, ಬಲೆರಾಣಿ, ಚಿನ್ನದ ಬಣ್ಣದ ಚಿಪ್ಪಿನ ಮೇಲೆ ಬಲೆ ನೇಯ್ದಂಥ ಗೆರೆಗಳನ್ನು ಹೊತ್ತು ಗಾಜಿನ ಹತ್ತಿರವೇ ಮೆರೆಯುತ್ತಿತ್ತು. ತೊಟ್ಟಿಗಳಿಗೆ ಹೆಸರಿನ ಚೀಟಿಯೂ ಇರಲಿಲ್ಲ. ಅವಳ ಕಣ್ಣು ನೇರ ಅಲ್ಲಿಗೆ ಹೋಯಿತು.

"ಇದೇನಾ?"

ಅಷ್ಟು ದೂರದಿಂದ, ಎಲೆಕೋಸು ತೊಳೆದು ತಂದವಳಿಗೆ ಒಂದು ಹಿಡಿ ಮರಳು ತೋರಿಸುವುದು ಹೇಗೆ? ಎರಡು ಬೀದಿ ದೂರವೇ ಆದರೂ ಉಪ್ಪಣ್ಣನಿಗೆ ಆ ಗಳಿಗೆಯಲ್ಲಿ ಬಹಳ ದೂರ ಅನ್ನಿಸಿತು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ತಲೆ ಮಾತ್ರ ಸ್ವಲ್ಪ ಅಲ್ಲಾಡಿತು, ಅದೂ ಮೇಲಿಂದ ಕೆಳಗೆ. ಅವಳು ಗಾಜಿನ ಹತ್ತಿರ ಮುಖ ತಂದು ಬಲೆರಾಣಿಯ ಜೊತೆ ಏನೋ ಪಿಸುಗುಟ್ಟಿದಳು. ಉಪ್ಪಣ್ಣ ಪೈಪು ಹಿಡಿದು ದೂರ ನಿಂತ.

ಮುಂದಿನ ಸೋಮವಾರವೂ ಬಂದಳು, ಅದರ ಮುಂದಿನ ಸೋಮವಾರವೂ. ಅಪ್ಪನ ಸುದ್ದಿಯನ್ನು ಮೊದಲು ಹುಳಕ್ಕೆ ಹೇಳುವುದು, ಆಮೇಲೆ ಉಪ್ಪಣ್ಣನಿಗೆ: ಅಪ್ಪ ಪೂರ್ತಿ ರಾತ್ರಿ ಮಲಗಿದರು, ಅಪ್ಪ ಮಗ್ಗುಲು ಬದಲಿಸಿದರು, ಅಪ್ಪ ಪಕ್ಕದ ಮನೆಯವರ ಜೊತೆ ಜಗಳ ತೆಗೆದರು. ಉಪ್ಪಣ್ಣ ಈಗ ಸೋಮವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬರತೊಡಗಿದ್ದ. ಮೊದಲ ದಿನ ಬಾರದೇ ಹೋದ ಫಿಲ್ಟರ್ ಕಂಪನಿಗೆ ಅವನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದನೋ.

ಒಂದು ದಿನ ಅವಳು ಅವನ ತಲೆಯನ್ನೇ ದಿಟ್ಟಿಸಿದಳು. ಕೂದಲು ಯಾರು ಕತ್ತರಿಸುತ್ತಾರೆ ಎಂದು ಕೇಳಿದಳು. ತಾನೇ ಎಂದ.

"ಗೊತ್ತಾಗುತ್ತೆ," ಎಂದಳು.

ಸ್ಟೂಲಿನ ಮೇಲೆ ಕೂರಿಸಿ, ಹೆಗಲಿಗೆ ಟವೆಲು ಹೊದಿಸಿ, ಬ್ಯಾಗಿನಿಂದ ಕತ್ತರಿ ತೆಗೆದಳು. ಅವಳ ಬೆರಳು ಅವನ ಕಿವಿಯನ್ನು ಮಡಚಿ ಹಿಡಿದಾಗ ಉಪ್ಪಣ್ಣ ಉಸಿರಾಡುವುದನ್ನೇ ಮರೆತ. ಎದುರಿನ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ತುಟಿ ಸ್ವಲ್ಪ ಓರೆ ಮಾಡಿ, ಎಡಬಲ ಸರಿಯಾಗಿದೆಯೇ ಎಂದು ನೋಡುತ್ತಿದ್ದಳು. ನೋಡುವುದು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದಳು. ಈಗ ನಿಜ ಹೇಳಿಬಿಡಲೇ ಎಂದುಕೊಂಡ. ಆದರೆ ಕತ್ತರಿ ಕಿವಿಯ ಪಕ್ಕದಲ್ಲಿತ್ತು.

"ಎಲ್ಲರೂ ನಿಮ್ಮನ್ನ ಉಪ್ಪಣ್ಣ ಅಂತಾರಲ್ಲ," ಎಂದಳು ಕೂದಲು ಕೊಡವುತ್ತಾ. "ನಾನು ಅಣ್ಣ ಅನ್ನಲ್ಲ. ಬರೀ ಉಪ್ಪು ಅಂತೀನಿ. ಪರವಾಗಿಲ್ವಾ?"

ಅವನು ಜೋರಾಗಿ ತಲೆ ಆಡಿಸಿದ, ಉಳಿದ ಕೂದಲೂ ಉದುರಿತು.

ಇನ್ನೊಂದು ಸೋಮವಾರ ಅವಳನ್ನು ಕೆಳಗಿನ ಫಾಸಿಲ್ ಕೋಣೆಗೆ ಕರೆದುಕೊಂಡು ಹೋದ. ಆ ವಿಭಾಗ ನೋಡಿಕೊಳ್ಳುವ ಹಿರಿಯ ಮೇಡಂ ಹತ್ತಿರ ಅವಳ ಅಪ್ಪನ ಔಷಧಿಯ ಕಥೆ ಹೇಳಿ, ಮೊದಲೇ ಬೀಗದ ಕೈ ಕೇಳಿ ಇಟ್ಟುಕೊಂಡಿದ್ದ. ಕಲ್ಲಾಗಿ ಹೋದ ಕೋನ್ ಚಿಪ್ಪುಗಳು ಟ್ರೇ ತುಂಬ ಇದ್ದವು, ಸೀಮೆಸುಣ್ಣದಂತೆ ಬೋಳು ಬಿಳಿ. ಬೇಜಾರಾಯಿತೇನೋ ಎಂಬಂತೆ ಅವಳು ಹುಬ್ಬು ಏರಿಸಿದಳು. ಅವನು ಲೈಟು ಆರಿಸಿ ನೇರಳೆ ದೀಪ ಹಚ್ಚಿದ. ಬಿಳಿ ಚಿಪ್ಪುಗಳ ಮೇಲೆ ಚುಕ್ಕೆ, ಪಟ್ಟೆ, ಬಲೆ ಎಲ್ಲವೂ ಬೆಳಗಿ ಎದ್ದವು. ಐವತ್ತು ಲಕ್ಷ ವರ್ಷದ ಹಿಂದೆ ಸತ್ತ ಹುಳಗಳ ಬಣ್ಣದ ಗುರುತು ಅದು. ಚಿಪ್ಪನ್ನು ಬ್ಲೀಚಿನಲ್ಲಿ ನೆನೆಸಿ ಈ ದೀಪ ಹಿಡಿದರೆ ಮಾತ್ರ ಕಾಣುತ್ತದೆ ಎಂದ.

"ನಾವು ಬಣ್ಣ ತೆಗೆಯೋಕೆ ಬ್ಲೀಚ್ ಹಾಕ್ತೀವಿ. ನೀವು ಬಣ್ಣ ತರೋಕೆ ಹಾಕ್ತೀರಾ?" ಎಂದು ಅವಳು ಕತ್ತಲಲ್ಲಿ ಅವನ ತೋಳಿಗೆ ತೋಳು ತಾಗುವಷ್ಟು ಹತ್ತಿರ ಬಂದಳು. ಬಲೆಯ ಗೆರೆಗಳಿದ್ದ ಒಂದು ಚಿಪ್ಪನ್ನು ಎತ್ತಿಕೊಂಡು, ಇದು ನನ್ನ ಹುಳಕ್ಕೆ ಏನಾಗಬೇಕು ಎಂದು ಕೇಳಿದಳು.

"ಮುತ್ತಜ್ಜಿಯ ತಂಗಿ ಅಂದ್ಕೊಳ್ಳಿ."

ಅವಳು ಆ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು, ನಿಮ್ಮ ಮೊಮ್ಮಗಳು ತುಂಬ ಒಳ್ಳೆಯವಳು ಎಂದು ಅದಕ್ಕೂ ಹೇಳಿದಳು. ಉಪ್ಪಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲ ಬಳಿ ಕನ್ನಡಕ ಹುಡುಕಿಕೊಂಡು ಬಂದಿದ್ದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅವಳು ಹೋದ ಮೇಲೆ ಮೇಡಂ ಅವನನ್ನು ಮುಂದೆ ನಿಲ್ಲಿಸಿಕೊಂಡರು. ಇದು ಬಲೆರಾಣಿಯ ವಂಶ, ಆ ಔಷಧಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರು. ಉಪ್ಪಣ್ಣ ಎಲ್ಲ ಒಪ್ಪಿಕೊಂಡ. ಅವಳು ಬರುವುದು ನಿಂತರೆ ತನಗೆ ವಾರದಲ್ಲಿ ಆರೇ ದಿನ ಉಳಿಯುತ್ತವೆ ಎಂದೂ ಒಪ್ಪಿಕೊಂಡ.

"ನನ್ನ ಕಲ್ಲಿಗೆ ನಾನು ತಪ್ಪು ಹೆಸರಿಟ್ಟರೆ ಯಾರೂ ಅಳಲ್ಲ ಕಣಯ್ಯಾ," ಎಂದರು ಮೇಡಂ. "ನೀನು ಇಟ್ಟಿದ್ದಕ್ಕೆ ಒಬ್ಬಳು ಅಳ್ತಾಳೆ. ತಡ ಆದಷ್ಟೂ ಜಾಸ್ತಿ ಅಳ್ತಾಳೆ."

ತಡ ಮಾಡುವುದಕ್ಕೆ ಅವಕಾಶವೇ ಸಿಗಲಿಲ್ಲ. ಆ ವಾರವೇ ಅವಳ ಫೋನು ಬಂತು: ಅಪ್ಪ ಬರುತ್ತಾರಂತೆ. ಆಸ್ಪತ್ರೆ ಬಿಟ್ಟರೆ ವರ್ಷಗಳಿಂದ ಮನೆಯ ಹೊಸಿಲು ದಾಟದವರು, ಆ ಹುಳವನ್ನು ನಾನೂ ನೋಡಬೇಕು ಎಂದು ಹಟ ಹಿಡಿದಿದ್ದಾರಂತೆ. ಅವಳ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಅದರ ನಡುವೆ ಬಾಯಿ ಹಾಕಲು ಉಪ್ಪಣ್ಣನಿಗೆ ಧೈರ್ಯ ಸಾಲಲಿಲ್ಲ.

ಸೋಮವಾರ ಅಪ್ಪ ಗಾಲಿಕುರ್ಚಿಯಲ್ಲಿ ಬಂದರು. ನುಣ್ಣಗೆ ಶೇವ್, ಕೋಟು, ಒರೆಸಿ ಹೊಳೆಯುವ ಬೂಟು. ದಾರಿಯುದ್ದಕ್ಕೂ ಹೊಸ ಕಟ್ಟಡಗಳನ್ನೆಲ್ಲ ಬೈದುಕೊಂಡು ಬಂದರು ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಅಪ್ಪನನ್ನು ಬಲೆರಾಣಿಯ ಮುಂದೆ ನಿಲ್ಲಿಸಿದಳು. ಅಪ್ಪ ಕೋಟಿನ ಗುಂಡಿ ಹಾಕಿಕೊಂಡು ಉಪ್ಪಣ್ಣನ ಕಡೆ ತಿರುಗಿದರು.

"ಇದೇನಾ, ಆ ಹುಳ?"

"ಅಲ್ಲ," ಎಂದ ಉಪ್ಪಣ್ಣ.

ಉಪ್ಪಣ್ಣ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಇದು ಬೇರೆ ಜಾತಿ, ಬೇರೆ ಬಸವನಹುಳಗಳನ್ನು ಬೇಟೆಯಾಡಿ ತಿನ್ನುತ್ತದೆ. ನಿಮ್ಮ ಔಷಧಿ ಇದರದ್ದಲ್ಲ. ನಿಮ್ಮದು ಅಗೋ, ಆ ಮೂಲೆಯಲ್ಲಿ, ಮರಳಿನ ಕೆಳಗೆ. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ.

ಅವಳ ಮುಖದಿಂದ ಬಣ್ಣ ಇಳಿಯಿತು. ಇಷ್ಟು ದಿನ ತಾನು ಯಾರ ಮುಂದೆ ನಿಂತು ಮನೆಯ ನೋವನ್ನೆಲ್ಲ ತೋಡಿಕೊಂಡೆ ಎಂದು ಲೆಕ್ಕ ಹಾಕುತ್ತಿದ್ದವಳ ಹಾಗೆ ಗಾಜನ್ನೇ ನೋಡಿದಳು. ಆಮೇಲೆ ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು. ಅಪ್ಪ ಬ್ರೇಕ್ ಎಳೆದರು.

"ನಾನು ಬಂದಿರೋದು ಹುಳ ನೋಡೋಕೆ. ನಿಮ್ಮ ಜಗಳ ಆಮೇಲೆ."

ಉಪ್ಪಣ್ಣ ಮೂಲೆಯ ತೊಟ್ಟಿಗೆ ಒಂದು ಪುಟ್ಟ ಮೀನು ಬಿಟ್ಟ. ಮೂವರೂ ಕಾದರು. ಮೀನು ಅತ್ತ ಇತ್ತ ಓಡಾಡಿತು, ಮರಳು ಮರಳಾಗಿಯೇ ಇತ್ತು. ಅವಳು ಅವನ ಕಡೆ ತಿರುಗದೆ, ಗಾಜು ನೋಡುತ್ತಲೇ ಕೇಳಿದಳು.

"ಯಾಕೆ?"

"ಮೊದಲ ದಿನ ಸುಳ್ಳಾಡಿದ್ದು ನಿಮಗೋಸ್ಕರ. ಮರಳು ನೋಡಿಕೊಂಡು ವಾಪಸ್ ಹೋಗ್ತೀರಲ್ಲ ಅಂತ ಸಂಕಟ ಆಯ್ತು." ಉಪ್ಪಣ್ಣ ತಡವರಿಸದೆ ಮುಂದುವರಿಸಿದ. "ಆಮೇಲೆ ಪ್ರತಿ ಸೋಮವಾರ ಸುಮ್ಮನಿದ್ದಿದ್ದು ನನಗೋಸ್ಕರ. ನಿಜ ಗೊತ್ತಾದ್ರೆ ನೀವು ಬರಲ್ಲ ಅಂತ. ನೀವು ಬರದೇ ಇದ್ರೆ ನನಗೆ ಆಗಲ್ಲ."

ಅಷ್ಟರಲ್ಲಿ ಮರಳು ಅಲುಗಿತು. ಮೊದಲು ಮೂಗಿನಂಥ ಒಂದು ಕೊಳವೆ ಮೇಲೆದ್ದು ನೀರನ್ನು ಮೂಸಿತು. ಹಿಂದೆಯೇ, ಕಂದು ಕಲೆಗಳ ಒಂದು ಸಾಧಾರಣ ಚಿಪ್ಪು. ಅದರಡಿಯಿಂದ ತೆಳ್ಳನೆಯ ಸೊಂಡಿಲು ನಿಧಾನವಾಗಿ ಚಾಚಿ ಮೀನಿನ ಹೊಟ್ಟೆಯ ಹತ್ತಿರ ಹೋಯಿತು. ಕಣ್ಣಿಗೆ ಕಂಡದ್ದು ಅಷ್ಟೇ. ಮೀನು ಒಮ್ಮೆಲೇ ಕಡ್ಡಿಯಾಗಿ ನಿಂತಿತು. ಹುಳ ಆಲಿಕೆಯಂತೆ ಬಾಯಿ ಅಗಲಿಸಿ ಅದನ್ನು ಒಳಗೆಳೆದುಕೊಂಡಿತು.

ಅಪ್ಪ ಬಗ್ಗಬಹುದಾದಷ್ಟು ಮುಂದೆ ಬಗ್ಗಿದರು. ಬಗ್ಗಿದ್ದು ಅವರಿಗೇ ಗೊತ್ತಾಗಲಿಲ್ಲ; ಮಗಳಿಗೆ ಗೊತ್ತಾಯಿತು, ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ನಾನು ಯಾರು ಅಂತ ನಿನಗೆ ಗೊತ್ತಿಲ್ಲ," ಎಂದರು ಅಪ್ಪ ಹುಳಕ್ಕೆ. "ಗೊತ್ತಾಗೋದೂ ಬೇಡ. ಈಗ ನಿದ್ದೆ ಬರುತ್ತೆ ನನಗೆ. ಅಷ್ಟು ಹೇಳಿ ಹೋಗೋಣ ಅಂತ ಬಂದೆ." ಪಾಪ, ಆ ಮೀನಿಗೂ ಒಂದು ಮಾತು ಹೇಳಬೇಕಿತ್ತು ಎಂದು ಗೊಣಗಿದರು.

ಅವಳೂ ಬಂದು ಅಪ್ಪನ ಪಕ್ಕದಲ್ಲಿ ಮಂಡಿಯೂರಿದಳು. ಮರಳಿಗೆ ಇಳಿಯುತ್ತಿದ್ದ ಸೋಮಾರಿಗೆ ಥ್ಯಾಂಕ್ಸ್ ಎಂದಳು, ಒಂದೇ ಸಲ, ಸ್ಪಷ್ಟವಾಗಿ. ಉಪ್ಪಣ್ಣ ಇಕ್ಕಳ ಹಿಡಿದು ನಿಂತೇ ಇದ್ದ. ಇನ್ನು ಇವರು ಹೊರಡುತ್ತಾರೆ, ಬಾಗಿಲು ತೆರೆದುಕೊಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಅವಳು ಎದ್ದು ಬಾಗಿಲಿಗೆ ಹೋಗಲಿಲ್ಲ. ಬಲೆರಾಣಿಯ ತೊಟ್ಟಿಯ ಮುಂದೆ ಹೋಗಿ ನಿಂತು, ಎಂದಿನಂತೆ ಗಾಜಿಗೆ ಮುಖ ತಂದಳು. ಅದಕ್ಕೂ ಥ್ಯಾಂಕ್ಸ್ ಎಂದಳು.

"ಅದಕ್ಕೆ ಯಾಕೆ?" ಎಂದರು ಅಪ್ಪ. "ಅದು ನನಗೇನೂ ಮಾಡಿಲ್ವಂತಲ್ಲ."

"ಸುಳ್ಳು ಹೇಳಿದ್ದನ್ನ ನಾನಿನ್ನೂ ಕ್ಷಮಿಸಿಲ್ಲ, ಅದು ಬೇರೆ," ಎಂದಳು ಅವಳು. ಅವಳ ಕಿವಿಗಳು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ನೀವು ನನಗೆ ವಾಪಸ್ ಸಿಕ್ಕಿದ್ದು ಆ ಹುಳದಿಂದ. ಇವರು ಸಿಕ್ಕಿದ್ದು ಈ ಹುಳದಿಂದ."

ಉಪ್ಪಣ್ಣನ ಕೈಯಿಂದ ಇಕ್ಕಳ ಜಾರಿ ಬಕೆಟ್ಟಿಗೆ ಬಿತ್ತು. ಅಪ್ಪ ಮಗಳ ಮುಖ ನೋಡಿದರು, ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದರು. ಬ್ರೇಕ್ ಸಡಿಲಿಸಿದರು.

"ಸುಮ್ಮನೆ ಯಾಕಪ್ಪಾ ನಿಂತಿದ್ದೀಯ, ಕುರ್ಚಿ ಆ ಕಡೆ ತಿರುಗಿಸು. ಹಾಗಾದ್ರೆ ನಾನೂ ಅದಕ್ಕೊಂದು ಥ್ಯಾಂಕ್ಸ್ ಹೇಳ್ತೀನಿ."