ಚಪ್ಪಲಿಯಲ್ಲಿ ಬಂದ ದೂರುದಾರ

ಸೋಮವಾರ, ಡಿಸೆಂಬರ್ 14, 2020. ಮಧ್ಯಾಹ್ನ 2.20ಕ್ಕೆ ದಕ್ಷಿಣ ಕೊರಿಯಾದ ಚೋಂಗ್‌ಜು ನಗರದ ಪೊಲೀಸ್ ಠಾಣೆಗೆ ಹದಿನೇಳು ವರ್ಷದ ಗಾರಾಮ್ ದೂರು ತಂದ. ಹೊರಗೆ ಹಿಮ. ಅವನ ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ.

“ಏನು ಕಳುವಾಯ್ತು?” ಇನ್ಸ್‌ಪೆಕ್ಟರ್ ಓಕ್ ಮಿರ್ಯಂಗ್ ಕೇಳಿದರು.

“ಕತ್ತಿ ಮೇಡಂ. ಗೇಮಿಂದು. ನಿನ್ನೆ ಯಾರೋ ಪಾಸ್‌ವರ್ಡ್ ಬದಲಾಯಿಸಿದಾರೆ.”

ಕಾನ್‌ಸ್ಟೆಬಲ್ ಪ್ಯೋ ನಗಲಿಲ್ಲ. ಸೋಂಕಿನಿಂದ ಶಾಲೆ ಮುಚ್ಚಿದ ಮೇಲೆ ಇಂಥ ದೂರು ವಾರಕ್ಕೆರಡು. “ಹೋದ ವಾರ ಕುದುರೆ ಹೋಗಿತ್ತು ಮೇಡಂ. ಅದಕ್ಕೂ ಕೇಸ್ ಹಾಕಿದ್ವಿ.”

ಓಕ್ ಹುಡುಗನತ್ತ ತಿರುಗಿದರು. “ದಿನಕ್ಕೆಷ್ಟು ಹೊತ್ತು ಆಡ್ತೀಯಪ್ಪ?”

“ಎಚ್ಚರ ಇರೋವಷ್ಟು.”

“ಮನೆಯಿಂದ ಹೊರಗೆ ಬಂದಿದ್ದು ಯಾವಾಗ?”

ಹುಡುಗ ಯೋಚಿಸಿದ. “ಆಗ ಹಿಮ ಬಿದ್ದಿರ್ಲಿಲ್ಲ, ಮರದ ಎಲೆ ಕೆಂಪಗಿದ್ವು.”

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಈಗ ಯಾರಿಗೂ ಗೊತ್ತಿಲ್ಲ. ಮೊದ್ಲು ಸೇಬೋಮ್‌ಗೆ ಗೊತ್ತಿತ್ತು. ಕೆಳಗಿನ ಮನೆಯವಳು, ನನ್ನ ಕ್ಲಾಸು. ನಾನು ಮಲಗಿದಾಗ ನನ್ನ ಬದಲು ಅವಳು ಆಡ್ತಿದ್ಲು. ಈಗ ಬಿಟ್ಟಿದಾಳೆ.”

ಓಕ್ ಆ ಹೆಸರಿನಡಿ ಗೆರೆ ಎಳೆದರು.

ಗುರುವಾರ ಗೇಮ್ ಕಂಪನಿಯ ದಾಖಲೆ ಬಂತು. ಭಾನುವಾರ ಸಂಜೆ 4.12ಕ್ಕೆ ಪಾಸ್‌ವರ್ಡ್ ಬದಲಾಗಿದ್ದು ಅದೇ ಕಟ್ಟಡದ 304ನೇ ಮನೆಯಿಂದ. ಗಾರಾಮ್‌ನದು 404.

ಅಂದು ಸಂಜೆ 5.30ಕ್ಕೆ ಓಕ್ 304ರ ಬಾಗಿಲು ತಟ್ಟಿದಾಗ ತೆರೆದವಳು ಸೇಬೋಮ್. ಸಮವಸ್ತ್ರ ಕಂಡು ಹೆದರಲಿಲ್ಲ.

“ಅವನಮ್ಮ ಫೋನ್ ಮಾಡಿದ್ರಾ, ಅವನೇ ಬಂದ್ನಾ?”

“ಅವನೇ ಬಂದ. ಹಿಮದಲ್ಲಿ, ಚಪ್ಪಲೀಲಿ.”

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿದಳು. “ನಡ್ಕೊಂಡಾ?”

ತಾಯಿಯ ಸಮಕ್ಷಮ ಅವಳನ್ನು ಠಾಣೆಗೆ ಕರೆತಂದು ಹೇಳಿಕೆ ಪಡೆದರು. ವಸಂತವಿಡೀ ಅವಳೂ ಹಾಗೆಯೇ ಆಡಿದ್ದಳು. ಅಪ್ಪ ದಿನಾ ಎಳೆದುಕೊಂಡು ಹೋಗಿ ಬೆಟ್ಟ ಹತ್ತಿಸಿದ ಮೇಲೆ ಚಟ ಬಿಟ್ಟಿತು. ಗಾರಾಮ್‌ಗೆ ಅಪ್ಪನಿಲ್ಲ. ಅಮ್ಮನಿಗೆ ಎರಡು ಪಾಳಿ ಕೆಲಸ. ಅವನ ಬಾಗಿಲಲ್ಲಿ ಇವಳಿಟ್ಟ ಕಿತ್ತಳೆ ಅಲ್ಲೇ ಒಣಗುತ್ತಿತ್ತು.

“ಕತ್ತಿ ಹೋದ್ರೆ ನಮ್ಮ ಕ್ಲಾಸಿನ ಹುಡುಗರೆಲ್ಲ ಪೊಲೀಸ್ ಹತ್ರ ಓಡ್ತಾರೆ ಮೇಡಂ. ಅದೊಂದಕ್ಕೆ ಆಚೆ ಬರ್ತಾನೆ ಅಂತ ಗೊತ್ತಿತ್ತು.”

ಗಾರಾಮ್‌ನನ್ನು ಕರೆಸಿದರು. ಅವಳನ್ನು ಕಂಡು ಕಿರುಚಿದ: “ಕಳ್ಳಿ!”

“ಕತ್ತಿ ಅಲ್ಲೇ ಇದೆ ಕಣೋ, ಪೆದ್ದ. ಹೊಸ ಪಾಸ್‌ವರ್ಡ್ ಮೇಡಂ ಹತ್ರ ಇದೆ. ಕೂದಲು ನೋಡ್ಕೊ, ಪೊರಕೆ ಥರ ಆಗಿದೆ.”

ಅವನ ಕೈ ತಲೆಗೆ ಹೋಯಿತು. ಬೆರಳಿಗೆ ಸಿಕ್ಕಿದ ಸಿಕ್ಕುಗಟ್ಟಿದ ಕೂದಲು ಎಳೆದು ನೋಡಿ ನಕ್ಕ. ದೂರು ವಾಪಸ್ ಪಡೆಯುತ್ತೇನೆಂದ. ಪಾಸ್‌ವರ್ಡಿನ ಚೀಟಿಯನ್ನು ಓಕ್ ಕಡತದೊಳಗಿಟ್ಟರು.

“ನಾಳೆ ನಾಲ್ಕಕ್ಕೆ ಬಂದು ಸಹಿ ಹಾಕಿ ತಗೊಂಡ್ಹೋಗು. ಶೂ ಹಾಕ್ಕೊಂಡು ಬಾ.”

ಶುಕ್ರವಾರ 3.50ಕ್ಕೆ ಇಬ್ಬರೂ ಬಂದರು. ಗಾರಾಮ್ ಶೂ ಹಾಕಿದ್ದ, ಬಾಯಲ್ಲಿ ಕಿತ್ತಳೆ ತೊಳೆ. ಚೀಟಿಯನ್ನು ಬಿಚ್ಚದೆ ಜೇಬಿಗಿಟ್ಟ. “ಬೆಟ್ಟ ಹತ್ತಿ ಬಂದು ನೋಡ್ತೀನಿ.”

ಸೇಬೋಮ್‌ಗೆ ಎಚ್ಚರಿಕೆ ಕೊಟ್ಟು ಬಿಡಬಹುದೆಂದು ಓಕ್ ವರದಿ ಬರೆದರು. ‘ಆರೋಪಿಯ ಉದ್ದೇಶ’ ಎಂಬಲ್ಲಿ ಹೀಗೆ ತುಂಬಿದರು: ಗೆಳೆಯನನ್ನು ಮನೆಯಿಂದ ಹೊರಗೆ ತರುವುದು. ಈಡೇರಿದೆ.