ಕಾಲು ಮುಂದಾಗಿ ಹುಟ್ಟಿದವನು

ಗುರುಶಾಂತ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗಿಟ್ಟಿದ್ದ. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ, ಕಾಲಿನಿಂದ ಸವರಿದರೆ ಉಳುಕು ಹೋಗುತ್ತದೆ ಎಂಬುದು ಸೀಮೆಯ ನಂಬಿಕೆ. ಹಾಗಾಗಿ ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರಿನ ಅವನ ಮೊಬೈಲ್ ರಿಪೇರಿ ಅಂಗಡಿಗೆ ಎರಡು ನಮೂನೆಯ ಗಿರಾಕಿಗಳು: ಫೋನ್ ಕೆಟ್ಟವರು, ಮೈ ಕೆಟ್ಟವರು. ಬಿ.ಕಾಂ. ಓದಿದ ಅವನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಅವ್ವ ನಾಗಲಿಂಗಮ್ಮನಿಗೆ ಇತ್ತು. ಅವಳ ಮಾತು ಮೀರಲಾರದೆ ಊರವರನ್ನು ಒದೆಯುತ್ತಿದ್ದ.

ಒಂದು ಭಾನುವಾರ ಕಾನಹೊಸಹಳ್ಳಿಯ ಕರಿಯಕ್ಕ ತನ್ನ ಮಗಳು ಯಶೋಧಾಳನ್ನು ಕರೆತಂದಳು. ಹುಡುಗಿ ಪೊಲೀಸ್ ಕಾನ್‌ಸ್ಟೇಬಲ್ ಆಗಲು ಹೊರಟವಳು. ಬರೆಯುವ ಪರೀಕ್ಷೆ ಪಾಸಾಗಿ, ಬಳ್ಳಾರಿಯಲ್ಲಿ ಓಟ, ಲಾಂಗ್ ಜಂಪ್‌ಗಳ ದೈಹಿಕ ಪರೀಕ್ಷೆ ಉಳಿದಿತ್ತು. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಸಲ. ಲಾಂಗ್ ಜಂಪ್ ಅಭ್ಯಾಸ ಮಾಡುವಾಗ ಪಾದ ಮಡಚಿಕೊಂಡು ಬಿದ್ದಿದ್ದಳು.

ಅವಳು ಸ್ಟೂಲಿನ ಮೇಲೆ ಕಾಲಿಟ್ಟಳು. ಗುರುಶಾಂತ ಎಡಗಾಲಿನ ಹೆಬ್ಬೆರಳಿನಿಂದ ಅವಳ ಪಾದದ ಹೊರಮಗ್ಗುಲನ್ನು ಮೆಲ್ಲಗೆ ಸವರಿದ. ಮರುಕ್ಷಣವೇ ಬಗ್ಗಿ, ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಯಾರಿಗಾದರೂ ಕಾಲು ತಾಗಿದರೆ ಮಾಡುವುದು, ಚಿಕ್ಕಂದಿನಿಂದ ಬಂದ ರೂಢಿ.

"ಇನ್ನಾ ಯೂನಿಫಾರ್ಮ್ ಬಂದಿಲ್ರಿ," ಅಂದಳು ಯಶೋಧಾ. "ಆಗ್ಲೇ ಕಾಲಿಗೆ ಬೀಳಾಕತ್ತೀರಿ."

ಅವಳು ನಗುವಾಗ ಕೆಳತುಟಿಯ ಒಂದು ತುದಿ ಮಾತ್ರ ಮೊದಲು ಏಳುತ್ತಿತ್ತು. ಉಳಿದ ಮುಖ ನಂಬಬೇಕೋ ಬೇಡವೋ ಎಂದು ಕಾಯುತ್ತಿತ್ತು. ಗುರುಶಾಂತ ಅದನ್ನೇ ನೋಡುತ್ತ, ಮುಂದಿನ ಭಾನುವಾರವೂ ಬರಬೇಕಾಗುತ್ತದೆ ಅಂದ. ನಾಗಲಿಂಗಮ್ಮ ಮಗನ ಮುಖ ನೋಡಿದಳು. ಉಳುಕಿಗೆ ಎರಡನೆಯ ಕಂತು ಇರುವುದು ಅವಳಿಗೂ ಹೊಸ ಸುದ್ದಿ.

ಮುಂದಿನ ಭಾನುವಾರ ಅವಳೊಬ್ಬಳೇ ಬಂದಳು. ಸವರುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಮಂಡಕ್ಕಿ ಮಿರ್ಚಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಕಳ್ಳ ಸಿಕ್ಕರೆ ಮೊದಲು ಏನು ಕೇಳುತ್ತೀ ಎಂದು ಅವನು ಕೇಳಿದ. ಫೋನ್ ಎಲ್ಲಿ ರಿಪೇರಿ ಮಾಡಿಸಿದಿ ಅಂತ, ಅಂದಳು. ಮಿರ್ಚಿಯ ಅರ್ಧದಲ್ಲೆಲ್ಲೋ 'ನೀವು' ಹೋಗಿ 'ನೀನು' ಬಂದಿತ್ತು. ಇಬ್ಬರೂ ಕೇಳಿಸದವರಂತೆ ತಿಂದರು.

ಹೊರಡುವಾಗ ಅವಳು ಚಪ್ಪಲಿ ಸರಿಮಾಡಿಕೊಳ್ಳಲು ಪಾದ ಎತ್ತಿದಳು. ಅಂಗಾಲು ನೀಲಿಗಟ್ಟಿತ್ತು. ಇದೇನು ಎಂದು ಅವನು ಕೇಳಿದ. ಇರ್ತೈತಿ ಬಿಡು, ಅಂದಳು.

ಅವಳ ಬಸ್ಸು ಹೋದ ಮೇಲೆ ಫೋನಿನಲ್ಲಿ ಹುಡುಕಿದ. ಉಳುಕಿದೆಯೆಂದು ಬಂದವರ ಅಂಗಾಲು ನೀಲಿಗಟ್ಟಿದ್ದರೆ ಎಲುಬೇ ಮುರಿದಿರಬಹುದು, ಎಕ್ಸ್‌ರೇ ತೆಗೆಸಿ ಎಂದಿತ್ತು. ಬಿಚ್ಚಿ ನೋಡದೆ ಯಾವ ಫೋನಿನ ಬಗ್ಗೆಯೂ ಬಾಯಿ ಬಿಡದ ಮನುಷ್ಯ ಅದನ್ನು ಓದಿ, ಫೋನ್ ಬೋರಲು ಹಾಕಿದ. ಎಕ್ಸ್‌ರೇ ಅಂದರೆ ಪ್ಲಾಸ್ಟರ್. ಪ್ಲಾಸ್ಟರ್ ಅಂದರೆ ಬಸ್ಸಿಲ್ಲ, ಭಾನುವಾರವಿಲ್ಲ. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡ.

ಮುಂದಿನ ವಾರ ಅವಳು ಮಲ್ಲಿಗೆ ಮುಡಿದು ಬಂದಳು. ಮಲ್ಲಿಗೆಯ ಎದುರು ಎಲುಬಿನ ಮಾತು ಹೇಗೆ ಆಡುವುದು?

"ಓಡಬೌದಾ?" ಎಂದು ಅವಳೇ ಕೇಳಿದಳು. ಆ ಒಂದು ಸಲ ಮುಖದಲ್ಲಿ ನಗೆ ಇರಲಿಲ್ಲ.

"ಕಡಿಮಿ ಆಗೈತಿ," ಅಂದ ಗುರುಶಾಂತ. "ಓಡ್ತಿ."

ಬಳ್ಳಾರಿಯ ಮೈದಾನದಲ್ಲಿ ಅವಳು ಮೊದಲ ತಿರುವನ್ನೂ ದಾಟಲಿಲ್ಲ.

ಆಸ್ಪತ್ರೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಿರುಬೆರಳಿನ ಹಿಂದೆ, ಪಾದದ ಹೊರಮಗ್ಗುಲಲ್ಲಿ ಪಗಡೆ ದಾಳದಂಥ ಎಲುಬು. ಕ್ಯೂಬಾಯ್ಡ್ ಎಂದು ಹೆಸರು. ಮುರಿದರೂ ಉಳುಕಿನ ವೇಷ ಹಾಕಿಕೊಂಡು ತಿರುಗುವುದು ಅದರ ಚಾಳಿ. ಹಿಂದುಮುಂದಿನ ಎಲುಬುಗಳ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಬಿರಿದಿತ್ತು. ಅದರ ಮೇಲೆ ಓಡಿದ್ದರಿಂದ ಪುಡಿಯಾಯಿತು. ಮೊದಲೇ ಬಂದಿದ್ದರೆ ಪ್ಲಾಸ್ಟರಿನಲ್ಲಿ ಮುಗಿಯುತ್ತಿತ್ತಲ್ಲ, ಅಂಗಾಲು ನೀಲಿಗಟ್ಟಿದ್ದನ್ನು ಯಾರೂ ನೋಡಲಿಲ್ಲವೇ ಎಂದು ಡಾಕ್ಟರು ಕೇಳಿದರು. ಕರಿಯಕ್ಕ ಇಲ್ಲ ಅಂದಳು. ಯಶೋಧಾ ಹೊದಿಕೆ ಎಳೆದು ಪಾದ ಮುಚ್ಚಿಕೊಂಡಳು.

ಆಪರೇಷನ್ ಆಯಿತು. ಪಾದದ ಹೊರಮಗ್ಗುಲು ಒಂದಿಷ್ಟು ಗಿಡ್ಡವಾಗಿಯೇ ಉಳಿಯಿತು. ನಡೆಯಬಹುದು, ಓಡುವಂತಿಲ್ಲ. ಗುರುಶಾಂತ ಫೋನ್ ಮಾಡಿದಾಗಲೆಲ್ಲ ಕರಿಯಕ್ಕನೇ ಎತ್ತಿ, ಮಲಗ್ಯಾಳ ಅನ್ನುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಅವಳೇ ಅಂಗಡಿಗೆ ಬಂದಳು. ಹರಪನಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಸಿಕ್ಕಿದೆ, ಕೂತು ಮಾಡುವ ಕೆಲಸ, ಅಲ್ಲೇ ರೂಮು ಮಾಡಿದ್ದೇನೆ ಎಂದಳು. ನಾಗಲಿಂಗಮ್ಮ ಚಹಾ ಮಾಡಲು ಒಳಗೆ ಹೋದಳು.

"ಅಂಗಾಲು ನೀಲಿ ಆಗಿದ್ದು ನೀವು ನೋಡಿದ್ರಿ."

'ನೀವು' ಮರಳಿ ಬಂದಿತ್ತು. ಗುರುಶಾಂತನಿಗೆ ಅದು ಚೆನ್ನಾಗಿ ಕೇಳಿಸಿತು.

"ನೋಡಿದ್ದೆ. ಎಲುಬು ಇರಬೌದು ಅಂತನೂ ಗೊತ್ತಿತ್ತು. ಹೇಳಿದ್ರ ನೀ ಬರಂಗಿಲ್ಲ ಅನಿಸ್ತು."

ಅವನ ಪ್ರೇಮ ನಿವೇದನೆ ಅಷ್ಟೇ. ಅದಕ್ಕೆಂದು ಬೇರೆ ಚಂದದ ಮಾತುಗಳನ್ನು ಜೋಡಿಸಿಟ್ಟಿದ್ದ. ಅವು ಯಾವುವೂ ನಿಜವಾಗಿರಲಿಲ್ಲ.

ಯಶೋಧಾ ಮೇಜಿನ ಮೇಲೆ ಬಿಚ್ಚಿಟ್ಟ ಫೋನನ್ನು ನೋಡಿದಳು.

"ಪ್ಲಾಸ್ಟರ್ ಹಾಕ್ಕೊಂಡಾದ್ರೂ ಬರ್ತಿದ್ನಿ," ಅಂದಳು. "ಬಾ ಅನ್ನಬೇಕಿತ್ತು, ಅಷ್ಟ."

"ಈಗ ಅಂದ್ರ?"

ಕೆಳತುಟಿಯ ತುದಿ ಸ್ವಲ್ಪ ಎದ್ದಿತು. ಉಳಿದ ಮುಖ ಈ ಸಲ ನಂಬಲಿಲ್ಲ.

"ಈಗ ಬಸ್ಸಿಗೆ ಹೊತ್ತಾತ್ರಿ."

ಅಂಗಡಿಯ ಮೆಟ್ಟಿಲುಗಳು ಕಡಿದಾಗಿದ್ದವು. ಅವನು ಮೊದಲು ಇಳಿದು ಕೈ ಚಾಚಿದ. ಅವಳು ಕೈ ಹಿಡಿಯಲಿಲ್ಲ. ಅವನ ಭುಜದ ಮೇಲೆ ಅಂಗೈ ಊರಿ, ಭಾರವೆಲ್ಲ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿದಳು. ನೆಲ ಸಿಕ್ಕಿತು. ಅಲ್ಲಿ ಒಂದು ಕ್ಷಣ, ಬೇಕಾದದ್ದಕ್ಕಿಂತ ಒಂದೇ ಒಂದು ಕ್ಷಣ ಹೆಚ್ಚು, ಅಂಗೈ ಹಾಗೆಯೇ ಇತ್ತು. ಆಮೇಲೆ ತೆಗೆದಳು.