ನಡುಗಂಬದ ಬುಡದ ಕಲ್ಲು

ನಾನು ಇಂಜಿನಿಯರ್, ಅಳತೆಯನ್ನಷ್ಟೇ ನಂಬುವವನು. ಹಾಗಾಗಿ ಅಳೆದದ್ದನ್ನೇ ಹೇಳುತ್ತೇನೆ.

೧೯೬೧ರಲ್ಲಿ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರಕ್ಕೆಂದು ಒಂದು ಮಳಿಗೆ ಕಟ್ಟಿಸುತ್ತಿದ್ದೆ. ಕಾಂಕ್ರೀಟು ಪರೀಕ್ಷೆಯಲ್ಲಿ ಸೋತಿತು. ನಿಯಮದ ಪ್ರಕಾರ ಉಳಿದದ್ದು ಒಂದೇ ದಾರಿ. ಚಾವಣಿಯ ಮೇಲೆ ಮರಳುಮೂಟೆ ಹೇರಿ, ಎಷ್ಟು ಬಾಗುತ್ತದೆಂದು ನೋಡಬೇಕು. ಹೆಚ್ಚು ಬಾಗಿದರೆ ಇಡೀ ಚಾವಣಿ ಒಡೆಯಬೇಕು.

ಬೆಳಗಿನಿಂದ ಮೂಟೆ ಏರಿದವು. ಕೆಳಗೆ ತೊಲೆಗೆ ಹಚ್ಚಿದ್ದ ಮಾಪಕದ ಮುಳ್ಳು ಅಲುಗಲೇ ಇಲ್ಲ. ಹೊರಗೆ ಸುಡುಬಿಸಿಲು, ಒಳಗೆ ಮೈ ನಡುಗುವಷ್ಟು ತಂಪು. ನಡುಗಂಬಕ್ಕೆ ಕೈಯಿಟ್ಟೆ. ಅದೊಂದು ಮಾತ್ರ ಬೆವರಿದ ಮೈಯ ಹಾಗೆ ಬೆಚ್ಚಗೆ, ತೇವವಾಗಿತ್ತು. ಮೇಲೆ ಮೂಟೆ ಬಿದ್ದಾಗಲೆಲ್ಲ ಕಂಬದೊಳಗೆ ಯಾರೋ ಉಸಿರು ಬಿಗಿಹಿಡಿದಂತೆ ಕೇಳಿಸುತ್ತಿತ್ತು.

"ಇದರ ಬುಡಕ್ಕೆ ಏನು ಹಾಕಿದ್ದೀಯ ಪಿಳ್ಳಪ್ಪ?" ಎಂದು ಮೇಸ್ತ್ರಿಯನ್ನು ಕೇಳಿದೆ.

ಅವನು ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ. "ಇಲ್ಲಿ ತಲೆಹೊರೆ ಇಳಿಸೋ ಕಲ್ಲೊಂದಿತ್ತು ಸ್ವಾಮಿ. ಬಸುರಿಯಾಗೇ ಸತ್ತೋದ ಹೆಣ್ಮಗಳ ಹೆಸರಲ್ಲಿ ನೆಟ್ಟಿದ್ದು. ಅವಳಂತೂ ಭಾರ ಇಳಿಸ್ಲಿಲ್ಲ, ದಾರೀಲಿ ಹೋಗೋರಾದ್ರೂ ಇಳಿಸ್ಲಿ ಅಂತ. ಒಡೆಯೋಕೆ ಮನಸ್ಸು ಬರ್ಲಿಲ್ಲ. ಪಾಯಕ್ಕೆ ಹಾಕ್ಬಿಟ್ಟೆ."

ನಿಯಮದಂತೆ ಭಾರವನ್ನು ರಾತ್ರಿಯಿಡೀ ಹಾಗೇ ಬಿಟ್ಟೆವು. ಮಾರನೆಯ ದಿನ ಮೂಟೆ ಇಳಿಸಿದೆವು. ಕೊನೆಯದು ಇಳಿದಾಗ ಕಂಬದೊಳಗಿಂದ ಉದ್ದನೆಯ ನಿಟ್ಟುಸಿರು ಬಂತು. ಪಿಳ್ಳಪ್ಪ ಕೈಮುಗಿದ. ಬೇಡವೆಂದುಕೊಂಡರೂ ನನ್ನ ಕೈಯೂ ಮುಗಿಯಿತು.

ಆಗ ಮುಳ್ಳು ಮೊದಲ ಸಲ ಅಲುಗಿತು, ಮೇಲಕ್ಕೆ. ಚಾವಣಿ ಕೂದಲೆಳೆಯಷ್ಟು ಎದ್ದಿತ್ತು.

ಈಗಲೂ ಅಷ್ಟೇ ಎತ್ತರದಲ್ಲಿದೆ. ಹೋಗಿ ಅಳೆದು ಬಂದಿದ್ದೇನೆ.